ಮುಲಾಮಿನ ಡಬ್ಬಿಯೊಳಗಿನ ಹದಿನಾರು ಮಡಿಕೆಯ ಕಾಗದಕ್ಕೆ

ಮಾನ್ಯ ಮಡಿಕೆ ಕಾಗದದವರ ಸನ್ನಿಧಾನಕ್ಕೆ, ಎಂಟು ತಿಂಗಳ ಹೆಣ್ಣುಮಗುವಿನ ತಾಯಿಯೊಬ್ಬಳು ಎರಡೂ ಕೈ ಜೋಡಿಸಿ (ಒಂದು ಕೈಯಲ್ಲಿ ಮಗು ಇರುವುದರಿಂದ ಸದ್ಯಕ್ಕೆ ಒಂದೇ ಕೈ ಎತ್ತಿ) ಮಾಡುವ ಅನೇಕ ನಮಸ್ಕಾರಗಳು.

ಮಾನ್ಯರೇ,

ಬೆರಳುದ್ದದ ಡಬ್ಬಿಯೊಂದರಲ್ಲಿ, ಮುಲಾಮಿನ ಟ್ಯೂಬಿನ ಬೆನ್ನಿಗೆ ಬೆನ್ನು ಕೊಟ್ಟು, ಯಾರ ಗೋಜಿಗೂ ಹೋಗದೆ ಮಲಗಿದ್ದ ತಮ್ಮನ್ನು ಎಳೆದು ಎಬ್ಬಿಸಿದವಳು ನಾನೇ. ಲೋಕದಲ್ಲಿ ಮುಲಾಮು ಕೊಳ್ಳುವವರೆಲ್ಲ ಟ್ಯೂಬನ್ನು ಇಟ್ಟುಕೊಂಡು ತಮ್ಮನ್ನು ಡಬ್ಬಿಯ ಸಮೇತ ಕಸದ ಬುಟ್ಟಿಗೆ ಕಳಿಸುತ್ತಾರೆಂದೂ, ತಮ್ಮನ್ನು ಪೂರ್ತಿ ಬಿಡಿಸಿ ಹಿಂದೆ ಮುಂದೆ ಓದಿದವರನ್ನು ತಮ್ಮ ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಕಂಡಿಲ್ಲವೆಂದೂ ಔಷಧಿ ಅಂಗಡಿಯವರು ಹೇಳಿದರು. ಹಾಗಿದ್ದಲ್ಲಿ ತಮ್ಮ ಏಕೈಕ ಓದುಗಿತ್ತಿ ಎಂಬ ಸಲುಗೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ಕ್ಷೇಮವೇ ಎಂದು ಮೊದಲಿಗೆ ಕೇಳುವುದು ರೂಢಿ. ಆದರೆ ತಮ್ಮನ್ನು ನಾನು ಕ್ಷೇಮವಾಗಿ ಕಂಡದ್ದು ನಿನ್ನೆ ಬೆಳಿಗ್ಗೆ ಹತ್ತೂವರೆಗೇ ಕೊನೆ. ಆಮೇಲೆ ಆದದ್ದರಲ್ಲಿ ನನ್ನ ಕೈವಾಡವೂ ಇರುವುದರಿಂದ ಅದನ್ನು ಪತ್ರದ ಕೊನೆಗೆ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ನಮ್ಮ ಮಗಳ ಪರಿಚಯ. ಅವಳಿಗೆ ದಾಖಲೆಯಲ್ಲಿ ಬೇರೆ ಹೆಸರಿದ್ದರೂ ಮನೆಯಲ್ಲಿ ಎಲ್ಲರೂ ಕೋಸು ಎನ್ನುತ್ತೇವೆ. ಹುಟ್ಟಿದ ದಿನ ನರ್ಸಮ್ಮ ಬಟ್ಟೆಯ ಮೇಲೆ ಬಟ್ಟೆ ಸುತ್ತಿ ತಂದುಕೊಟ್ಟಾಗ ಅವಳ ಅಪ್ಪ ಪದರ ಬಿಡಿಸಿ, ಅದರೊಳಗಿನ ಪದರ ಬಿಡಿಸಿ, "ಒಳಗೆ ಮಗು ಇದೆಯಾ, ಇಲ್ಲ ಬರೀ ಎಲೆಕೋಸಾ?" ಎಂದು ಕೇಳಿದ್ದೇ ಕಾರಣ. ಐದು ತಿಂಗಳವರೆಗೆ ಕೋಸಿನ ಮೈ ಮುಟ್ಟಿದವರು ಕೈ ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪುತ್ತಿರಲಿಲ್ಲ. ಆರನೆಯ ತಿಂಗಳಲ್ಲಿ ಕೆನ್ನೆ ಕೆಂಪಾಯಿತು, ಮನೆಗೆ ಬಂದವರೆಲ್ಲ "ಆಹಾ, ಎಂಥ ಕೆಂಪು ಕೆನ್ನೆ!" ಎಂದು ಹೊಗಳಿ, ಚಿವುಟಿ ಹೋದರು, ಪೆದ್ದಿಯಾದ ನಾನೂ ಹಿಗ್ಗಿದೆ. ಏಳನೆಯ ತಿಂಗಳಿಗೆ ಆ ಚೆಂದ ಕೆನ್ನೆಯಿಂದಿಳಿದು ಮೊಣಕೈ ಮಡಿಕೆ ಸೇರಿತು, ಮಂಡಿಯ ಹಿಂಬದಿಯಲ್ಲಿ ಶಾಖೆ ತೆರೆಯಿತು, ಮರಳುಕಾಗದದ ಹಾಗೆ ಒರಟಾಯಿತು, ತುರಿಸತೊಡಗಿತು. ಮೈ ಪರಚಿಕೊಳ್ಳುವುದೆಂದರೆ ಸಿಟ್ಟು ಬಂದವರ ಬಗ್ಗೆ ಆಡುವ ಮಾತು ಎಂದು ನಾನು ತಿಳಿದಿದ್ದೆ. ನಮ್ಮ ಕೋಸು ಸಿಟ್ಟಿಲ್ಲದೆ, ನಗುನಗುತ್ತಲೇ, ಆಟದ ಮಧ್ಯೆ, ಹಾಲು ಕುಡಿಯುವ ಮಧ್ಯೆ, ನಿದ್ದೆಯ ಮಧ್ಯೆ ಪರಚಿಕೊಂಡಳು. ಅವಳು ಪರಚಿಕೊಳ್ಳುವಾಗ ನಾನು ಕೈ ಹಿಡಿದುಕೊಳ್ಳುತ್ತಿದ್ದೆ, ಹಿಡಿದುಕೊಂಡರೆ ಅವಳು ಅಳುತ್ತಿದ್ದಳು, ಅತ್ತರೆ ಬಿಡುತ್ತಿದ್ದೆ, ಬಿಟ್ಟರೆ ಪರಚುತ್ತಿದ್ದಳು. ನಮ್ಮ ಮನೆಯ ದಿನಚರಿ ಇಷ್ಟೇ ಆಗಿತ್ತು, ಮಾನ್ಯರೇ, ಇದರ ನಡುವೆ ನನಗೆ ತುರಿಸಿಕೊಳ್ಳಲೂ ಪುರುಸೊತ್ತಿರಲಿಲ್ಲ ಎಂದರೆ ಅದು ಬರೀ ಗಾದೆಯ ಮಾತಲ್ಲ.

ನೋಡಲು ಬಂದವರು ಕಾರಣ ಹೇಳದೆ ಹೋಗಲಿಲ್ಲ. ಗಾಳಿಯ ದೋಷ ಎಂದರು, ನೀರಿನ ದೋಷ ಎಂದರು, ಸೋಪಿನ ದೋಷ ಎಂದರು, ಆದರೆ ಎಲ್ಲ ದೋಷಗಳೂ ಊರು ಸುತ್ತಿ ಕೊನೆಗೆ ತಾಯಿಯ ಹಾಲಿಗೇ ಬಂದು ನಿಂತವು. ನಾನು ಮೊಟ್ಟೆ ಬಿಟ್ಟೆ, ಬದನೆ ಬಿಟ್ಟೆ, ಮೀನು ಬಿಟ್ಟೆ, ಟೊಮೇಟೊ ಬಿಟ್ಟೆ, ಹುಳಿ ಬಿಟ್ಟೆ. ಇನ್ನು ಬಿಡಲು ಅನ್ನ ಮತ್ತು ಉಸಿರು ಎರಡೇ ಉಳಿದಾಗ ಮಗುವನ್ನೆತ್ತಿಕೊಂಡು ಮಕ್ಕಳ ಡಾಕ್ಟರಮ್ಮನ ಬಳಿ ಹೋದೆ.

ಡಾಕ್ಟರಮ್ಮ ನಮ್ಮ ಪಾಲಿಗೆ ನಾಲ್ಕು ನಿಮಿಷ ಸಿಕ್ಕರು. ಹೊರಗೆ ಬೆಂಚಿನಲ್ಲಿ ಇಪ್ಪತ್ತು ಮಕ್ಕಳು ಕೆಮ್ಮುತ್ತಿದ್ದವು, ಅವರನ್ನು ದೂರಲಾರೆ. "ಇಸಬು ಅಮ್ಮ ಇದು, ಎಷ್ಟೋ ಮಕ್ಕಳಿಗೆ ಬರುತ್ತೆ, ಅಂಟುರೋಗ ಅಲ್ಲ. ಈ ಮುಲಾಮು ದಿನಕ್ಕೆರಡು ಸಲ, ಒಂದು ವಾರ. ಉಗುರುಬೆಚ್ಚಗಿನ ನೀರಲ್ಲಿ ಐದೇ ನಿಮಿಷ ಸ್ನಾನ, ಒರೆಸಿದ ಕೂಡಲೇ ಮೈತುಂಬ ವಾಸನೆ ಇಲ್ಲದ ಜಿಡ್ಡು ಕ್ರೀಮು. ಉಗುರು ಕತ್ತರಿಸಿ, ಸೆಕೆ ಆಗದ ಹಾಗೆ ನೋಡ್ಕೊಳ್ಳಿ, ನೀವು ಹೊಟ್ಟೆ ತುಂಬ ಊಟ ಮಾಡಿ, ಹೆದರಬೇಡಿ, ಮುಂದಿನವರು ಬನ್ನಿ" ಎಂದು ಒಂದೇ ಉಸಿರಿನಲ್ಲಿ ಹೇಳಿದರು. "ಮುಂದಿನವರು ಬನ್ನಿ" ಎಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲ ನನಗೇ ಹೇಳಿದ್ದೆಂದು ಧೈರ್ಯ ತಂದುಕೊಂಡು ಮನೆಗೆ ಬಂದೆ. ಆ ಧೈರ್ಯ ಮನೆಯ ಮೆಟ್ಟಿಲು ಹತ್ತಿತು, ಚಪ್ಪಲಿ ಬಿಟ್ಟಿತು, ಕೈ ತೊಳೆಯಿತು, ಡಬ್ಬಿ ತೆರೆಯಿತು. ಅಲ್ಲಿ ತಾವಿದ್ದಿರಿ.

ತಮ್ಮನ್ನು ಬಿಡಿಸಿದ ಆ ಗಳಿಗೆಯನ್ನು ವರ್ಣಿಸಲು ಅಪ್ಪಣೆಯಾಗಬೇಕು. ಎರಡು ಮಡಿಕೆ ಬಿಡಿಸಿದಾಗ ಅಂಗೈಯಷ್ಟಾದಿರಿ, ನಾಲ್ಕಕ್ಕೆ ತಟ್ಟೆಯಷ್ಟು, ಹದಿನಾರಕ್ಕೆ ಊಟದ ಮೇಜಿನ ಅರ್ಧ ತಮ್ಮದೇ ಆಯಿತು. ಇಷ್ಟು ದೊಡ್ಡವರು ಅಷ್ಟು ಚಿಕ್ಕ ಡಬ್ಬಿಯಲ್ಲಿ ಹೇಗೆ ಹಿಡಿಸಿದಿರಿ ಎಂಬುದು ನನಗೆ ಈಗಲೂ ತಿಳಿದಿಲ್ಲ. ಮತ್ತೆ ಮಡಚಲು ನಾನು, ನಮ್ಮತ್ತೆ, ನಮ್ಮವರು ಮೂವರೂ ಸರದಿಯಲ್ಲಿ ಯತ್ನಿಸಿದೆವು, ಪ್ರತಿ ಸಲವೂ ತಾವು ಮೊದಲಿಗಿಂತ ದಪ್ಪಗಾದಿರೇ ಹೊರತು ಡಬ್ಬಿಗೆ ಮರಳಲು ಒಪ್ಪಲಿಲ್ಲ. ಇನ್ನು ತಮ್ಮ ಅಕ್ಷರಗಳ ವಿನಯ ಎಂಥದು! ಇರುವೆ ಸಾಲು ಕೂಡ ತಮ್ಮ ಪಕ್ಕದಲ್ಲಿ ನಿಂತರೆ ಮೆರವಣಿಗೆ ಅನಿಸಬೇಕು. ಪುಣ್ಯಕ್ಕೆ ನಮ್ಮವರದು ಗಡಿಯಾರ ರಿಪೇರಿ ಅಂಗಡಿ. ಕೈಗಡಿಯಾರದ ಹೊಟ್ಟೆಯೊಳಗಿನ ಹಲ್ಲುಚಕ್ರಗಳನ್ನು ನೋಡಲು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಭೂತಗನ್ನಡಿ ಮನೆಯಲ್ಲೇ ಇತ್ತು. ಅದನ್ನು ಬಲಗಣ್ಣಿಗೆ ಸಿಕ್ಕಿಸಿ, ಎಡಗಣ್ಣು ಮುಚ್ಚಿ, ಎರಡು ಗಂಟೆ ಕಾಲ ತಮ್ಮನ್ನು ಓದಿದೆ.

ಓದಿ ಏನಾಯಿತೆಂದರೆ, ಮಗುವಿನ ಮೊಣಕೈ ಮಡಿಕೆಯನ್ನು ತಾವು "ಬಾಧಿತ ಪ್ರದೇಶ" ಎಂದು ಕರೆದ ಕೂಡಲೇ ನನಗೆ ಅಲ್ಲಿ ದೋಣಿಗಳೂ ಡೇರೆಗಳೂ ಕಾಣತೊಡಗಿದವು. ತಮ್ಮ ಐದನೆಯ ಮಡಿಕೆ ತೆಳುವಾಗಿ ಹಚ್ಚತಕ್ಕದ್ದು ಎಂದಿತು. ಆರನೆಯ ಮಡಿಕೆ ಚರ್ಮ ತೆಳುವಾಗಬಹುದು ಎಂದಿತು. ಏಳನೆಯ ಮಡಿಕೆ ಒಡೆದ ಚರ್ಮಕ್ಕೆ ಹಚ್ಚಬಾರದು ಎಂದಿತು. ಚರ್ಮ ಒಡೆದದ್ದಕ್ಕೇ ಮುಲಾಮು ತಂದವಳು ನಾನು. ಒಡೆಯದ ಚರ್ಮವಾದರೆ ಮನೆಯಲ್ಲಿ ಬೇಕಾದಷ್ಟಿದೆ, ನಮ್ಮವರ ಬೆನ್ನಿನ ಮೇಲೇ ಒಂದು ಎಕರೆ ಸಿಗುತ್ತದೆ, ಅದಕ್ಕೆ ಹಚ್ಚಲೇ ಎಂದು ಕೇಳೋಣವೆಂದರೆ ತಾವು ಮಾತಿಗೆ ಸಿಗುವವರಲ್ಲ. ಎಂಟನೆಯ ಮಡಿಕೆಯಲ್ಲಿ ಪಟ್ಟಿ ಶುರುವಾಯಿತು: ಉರಿ ಆಗಬಹುದು, ತುರಿಕೆ ಆಗಬಹುದು, ಬಣ್ಣ ಕಳೆಯಬಹುದು, ಕೂದಲು ಬೆಳೆಯಬಹುದು, ಕಣ್ಣಿಗೆ ತೊಂದರೆ ಆಗಬಹುದು. ತುರಿಕೆಗೆ ಕೊಟ್ಟ ಮುಲಾಮಿನಿಂದ ತುರಿಕೆಯೂ ಆಗಬಹುದು ಎಂದು ಒಪ್ಪಿಕೊಂಡ ತಮ್ಮ ಸತ್ಯಸಂಧತೆಗೆ ಶರಣು. ಕೊನೆಗೆ "ಹತ್ತು ಸಾವಿರದಲ್ಲಿ ಒಬ್ಬರಿಗೆ" ಎಂಬ ಸಾಲು ಬಂತು, ನಾನು ಅಂದು ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಆ ಒಬ್ಬರು ಯಾರು, ಮಾನ್ಯರೇ? ಉಳಿದ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ತಾಯಂದಿರು ಈ ಸಾಲನ್ನು ಓದಿ ನಿಟ್ಟುಸಿರು ಬಿಟ್ಟು ಮಲಗಿರಬಹುದು. ನನಗೆ ಮಾತ್ರ ಆ ಒಬ್ಬರ ಗುರುತು ಆ ಕ್ಷಣವೇ ಸಿಕ್ಕಿತು: ಅವರು ನಮ್ಮ ಕೋಸು, ಅವರ ತಾಯಿ ನಾನು, ಮುಲಾಮು ಹಚ್ಚಿದ ಕೈ ಈ ಕೈ.

ಹಚ್ಚದೆ ಬಿಟ್ಟರೆ ಮಗು ಪರಚಿಕೊಳ್ಳುತ್ತದೆ, ಹಚ್ಚಿದರೆ ತಾವು ಹೇಳಿದ್ದೆಲ್ಲ ಆಗುತ್ತದೆ. ನಡುವೆ ಒಂದು ದಾರಿ ತೋರಿಸಿದವರು ನಮ್ಮವರು. ತೆಳುವಾಗಿ ಎಂದರೆ ಎಷ್ಟು ಎಂದು ನಾನು ಅಳುವ ಧ್ವನಿಯಲ್ಲಿ ಕೇಳಿದಾಗ ಅವರು ತಮ್ಮ ಕಸುಬಿನ ಪ್ರಕಾರ ಯೋಚಿಸಿ, "ನೋಡು, ಗಡಿಯಾರಕ್ಕೆ ಎಣ್ಣೆ ಕಮ್ಮಿ ಆದ್ರೆ ನಿಧಾನ ಆಗುತ್ತೆ ಅಷ್ಟೇ, ಜಾಸ್ತಿ ಆದ್ರೆ ಹರಡಿ, ಧೂಳು ಹಿಡಿದು ನಿಂತೇ ಹೋಗುತ್ತೆ. ನಮ್ಮ ಗುರುಗಳು ಹೇಳ್ತಿದ್ರು, ಎಣ್ಣೆ ಹಾಕಿದ್ದು ಗಡಿಯಾರಕ್ಕೂ ಗೊತ್ತಾಗಬಾರದು ಅಂತ" ಎಂದರು. ಹೇಳಿದ್ದಷ್ಟೇ ಅಲ್ಲ, ಗಡಿಯಾರಕ್ಕೆ ಎಣ್ಣೆ ಮುಟ್ಟಿಸುವ ಸೂಜಿಯ ಹಾಗಿನ ಕಡ್ಡಿಯೊಂದಕ್ಕೆ ಹತ್ತಿ ಸುತ್ತಿ, ಟ್ಯೂಬಿನ ಬಾಯಿಗೆ ತಾಗಿಸಿ, ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಕೋಸಿನ ಮೊಣಕೈಗೆ ಸಾಸಿವೆಯ ಕಾಲು ಭಾಗದಷ್ಟು ಮುಲಾಮು ಮುಟ್ಟಿಸಿದರು. ಅಷ್ಟು ನಾಜೂಕಿನ ಕೆಲಸವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಅವರ ಗುರುಗಳ ಮಾತು ಅಕ್ಷರಶಃ ನಿಜವಾಯಿತು: ಮುಲಾಮು ಹಚ್ಚಿದ್ದು ಇಸಬಿಗೆ ಗೊತ್ತೇ ಆಗಲಿಲ್ಲ. ಹೀಗೆ ದಿನಕ್ಕೆರಡು ಸಲ, ಒಂದು ವಾರಕ್ಕೆ ಮೂರು ದಿನ ಬಡ್ಡಿ ಸೇರಿಸಿ ಹತ್ತು ದಿನ ನಡೆಸಿದೆವು. ಪ್ರತಿ ಸಲ ಹಚ್ಚುವ ಮೊದಲು ನಾನು ಸೋಪು ಹಾಕಿ ಕೈ ತೊಳೆದೆ, ಹಚ್ಚಿದ ಮೇಲೆ ತೊಳೆದೆ, ಟ್ಯೂಬು ಮುಟ್ಟಿದ್ದಕ್ಕೆ ತೊಳೆದೆ, ತಮ್ಮನ್ನು ಮುಟ್ಟಿದ್ದಕ್ಕೂ ತೊಳೆದೆ.

ಇಷ್ಟರಲ್ಲಿ ತಮ್ಮ ಹನ್ನೆರಡನೆಯ ಮಡಿಕೆ ನಮ್ಮತ್ತೆಯವರ ಕಿವಿಗೆ ಬಿತ್ತು. ಅತ್ತೆಯವರು ಮೂವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವರು. ಚೀಟಿಯಲ್ಲಿ ಬರೆದ ಅಳತೆಯನ್ನು ಒಂದು ನೂಲಿನಷ್ಟೂ ಮೀರಿದವರಲ್ಲ. ಬಾಯಿಮಾತನ್ನು ನಂಬುವುದಿಲ್ಲ, ಅಚ್ಚಾದದ್ದನ್ನು ಬಿಡುವುದಿಲ್ಲ. ಅವರು ಅಡುಗೆಮನೆಯಲ್ಲಿದ್ದಾಗ ನಾನು ಮೇಜಿನ ಬಳಿ ಕೂತು ತಮ್ಮನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. "ತಂಪಾದ, ಒಣ ಸ್ಥಳದಲ್ಲಿ, ಬೆಳಕು ತಾಗದಂತೆ ಇಡತಕ್ಕದ್ದು. ಹೆಪ್ಪುಗಟ್ಟಲು ಬಿಡಬಾರದು." ಇಷ್ಟೇ. ಮಧ್ಯಾಹ್ನಕ್ಕೆ ಹೊಲಿಗೆ ಯಂತ್ರದ ಸದ್ದು ಕೇಳಿತು. ಸಂಜೆಗೆ ಮಗುವಿನ ಕೋಣೆಯ ಕಿಟಕಿಗಳಿಗೆ ಎರಡು ಪದರದ ಹೊಸ ಪರದೆ ಬಂತು. ಮರುದಿನ ಕೋಸಿನ ಕಾಲಿಗೆ ಉಣ್ಣೆಯ ಚೀಲ, ಕೈಗೆ ಉಣ್ಣೆಯ ಚೀಲ, ತಲೆಗೆ ಉಣ್ಣೆಯ ಟೋಪಿ. ಪರಚದಿರಲೆಂದು ಕೈಚೀಲ, ನಿದ್ದೆ ಬರಲೆಂದು ಪರದೆ ಎಂದು ನಾನು ಮನಸ್ಸಿನಲ್ಲೇ ಅತ್ತೆಗೆ ನಮಸ್ಕರಿಸಿದೆ. ಮೂರು ದಿನ ನಮ್ಮ ಮಗು ಬಾವಲಿಯ ಹಾಗೆ ಕತ್ತಲಲ್ಲಿ ಬೆಳೆಯಿತು. ನಾಲ್ಕನೆಯ ದಿನ ನಾನು ಅವಳನ್ನೆತ್ತಿಕೊಂಡು ಗಾಳಿಗೆಂದು ಬಾಗಿಲ ಹೊರಗೆ ಕಾಲಿಟ್ಟರೆ ಅತ್ತೆ ಓಡಿಬಂದು ಅಡ್ಡ ನಿಂತರು. "ಅಯ್ಯೋ, ಬೆಳಕಿಗೆ ತರಬೇಡಮ್ಮಾ! ತಂಪಾದ, ಕತ್ತಲೆ ಜಾಗದಲ್ಲಿ ಇಡಬೇಕು ಅಂತ ಅಚ್ಚಾಗಿಲ್ವಾ? ನೀನೇ ತಾನೇ ಓದಿ ಹೇಳಿದ್ದು?"

ನಾನು ದಂಗುಬಡಿದು, "ಅದು ಟ್ಯೂಬನ್ನ ಅತ್ತೆ, ಟ್ಯೂಬನ್ನ!" ಎಂದೆ. "ಟ್ಯೂಬು ಅಂತ ಎಲ್ಲಿದೆ? ತೋರಿಸು ನೋಡೋಣ" ಎಂದರು. ಭೂತಗನ್ನಡಿ ಸಿಕ್ಕಿಸಿಕೊಂಡು ಹುಡುಕಿದೆ. ಇರಲಿಲ್ಲ, ಮಾನ್ಯರೇ! ಇಡತಕ್ಕದ್ದು ಎಂದಿರಿ, ಏನನ್ನು ಎನ್ನಲಿಲ್ಲ. ಬಿಡಬಾರದು ಎಂದಿರಿ, ಯಾವುದನ್ನು ಎನ್ನಲಿಲ್ಲ. ಕಾಲೇಜಿನಲ್ಲಿ ವ್ಯಾಕರಣಕ್ಕೆ ಎಂಬತ್ತೊಂದು ಅಂಕ ತೆಗೆದವಳು ನಾನು, ಆದ್ದರಿಂದ ಅಧಿಕಾರವಾಣಿಯಿಂದ ಹೇಳುತ್ತೇನೆ: ತಮ್ಮ ಆ ವಾಕ್ಯದಲ್ಲಿ ಕ್ರಿಯೆ ಇದೆ, ಕರ್ತೃ ಇಲ್ಲ, ಕರ್ಮವೂ ಇಲ್ಲ, ಅನುಭವಿಸುವ ಕರ್ಮ ಮಾತ್ರ ನಮ್ಮದು.

ಅತ್ತೆಯವರು ಪಾಪ, ಮುಖ ಚಿಕ್ಕದು ಮಾಡಿಕೊಂಡು, ಕೋಸಿನ ಟೋಪಿ ಬಿಚ್ಚಿದರು, ಕಾಲುಚೀಲ ಬಿಚ್ಚಿದರು. ಒಳಗೆ ಬೆವರು ಹರಿದು, ಮೂರು ಕಡೆ ಇದ್ದ ಕೆಂಪು ಆರು ಕಡೆ ಆಗಿತ್ತು. "ಈ ಕೈಯಾರೆ ಹೊಲಿದು ಹಾಕ್ದೆನಲ್ಲೇ" ಎಂದು ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು "ಈ ಬಾಯಾರೆ ಓದಿದ್ದು ನಾನಲ್ಲವೇ ಅತ್ತೆ" ಎಂದೆ. ನಮ್ಮವರು ಹತ್ತಿ ಸುತ್ತಿದ ಕಡ್ಡಿಯನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋದರು. ಮೂವರೂ ತಮ್ಮ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿದವರೇ.

ಹತ್ತನೆಯ ದಿನ ಬೆಳಿಗ್ಗೆ ಕೋಸಿನ ಬಿಳಿ ಅಂಗಿಯ ತೋಳಿನಲ್ಲಿ ರಕ್ತದ ಕಲೆ ಕಂಡಿತು. ಇಲ್ಲಿ ತಮಾಷೆ ಮಾಡಲು ನನಗೆ ಬರುವುದಿಲ್ಲ, ಕ್ಷಮಿಸಬೇಕು. ಕಾಳಿನಷ್ಟು ಕಲೆ ಅದು. ಆ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡು, ಹಚ್ಚಿದ್ದರಿಂದ ಹೀಗಾಯಿತೋ ಹಚ್ಚದಿದ್ದುದರಿಂದ ಆಯಿತೋ ಎಂದು ತಿಳಿಯದೆ, ಮತ್ತೆ ತಮ್ಮ ಕಡೆಗೇ ಓಡಿಬಂದೆ ನೋಡಿ, ಅದು ನನಗೆ ಈಗಲೂ ನಾಚಿಕೆ ತರುತ್ತದೆ. ಹದಿನಾಲ್ಕನೆಯ ಮಡಿಕೆಯ ಬುಡದಲ್ಲಿ, ಬ್ಯಾಚ್ ಸಂಖ್ಯೆಯ ಪಕ್ಕದಲ್ಲಿ, ತಾವು ಬರೆದಿದ್ದಿರಿ: "ಗುಣ ಕಾಣದಿದ್ದಲ್ಲಿ ವೈದ್ಯರನ್ನು ಕಾಣುವುದು." ಇಷ್ಟು ಬೆಲೆಬಾಳುವ ಮಾತನ್ನು ಅಷ್ಟು ಕೆಳಗೆ ಬಚ್ಚಿಟ್ಟಿದ್ದೀರಲ್ಲ, ಒಡವೆಯನ್ನೂ ಜನ ಇಷ್ಟು ಭದ್ರವಾಗಿ ಇಡುವುದಿಲ್ಲ.

ಹೋದೆ. ಈ ಸಲ ಅತ್ತೆಯೂ ಬಂದರು, ಅಂಗಡಿಗೆ ಅರ್ಧ ಬಾಗಿಲು ಹಾಕಿ ನಮ್ಮವರೂ ಬಂದರು. ಡಾಕ್ಟರಮ್ಮ ಮಗುವನ್ನು ನೋಡಿದರು, ಟ್ಯೂಬು ಕೊಡಿ ಎಂದರು, ಹಿಂಡಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು. ಹತ್ತು ದಿನದ ಟ್ಯೂಬು ಅಂಗಡಿಯಿಂದ ಆಗಷ್ಟೇ ಬಂದ ಹಾಗೆ ಮೈ ತುಂಬಿಕೊಂಡಿತ್ತು. "ಏನಮ್ಮ ಇದು, ಮಗುಗೆ ಹಚ್ಚಿದ್ದೀರೋ, ಬರೀ ತೋರಿಸಿದ್ದೀರೋ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಜೇಬಿನಿಂದ ಕಡ್ಡಿ ತೆಗೆದು ಪ್ರಾಮಾಣಿಕವಾಗಿ ಮೇಜಿನ ಮೇಲಿಟ್ಟರು. ಡಾಕ್ಟರಮ್ಮ ಅದನ್ನು ನೋಡಿ, ಅವರನ್ನು ನೋಡಿ, ಅವರ ಕಣ್ಣಿನ ಸುತ್ತ ಭೂತಗನ್ನಡಿ ಒತ್ತಿ ಮೂಡಿದ್ದ ಗುರುತು ನೋಡಿ, ನಗಬಾರದೆಂದು ತುಂಬಾ ಕಷ್ಟಪಟ್ಟರು. ಆಮೇಲೆ ನಾನು ಚೀಲದಿಂದ ತಮ್ಮನ್ನು ತೆಗೆದು ಬಿಡಿಸಿದೆ. ಆಗ ಅವರಿಗೆ ತಡೆಯಲಾಗಲಿಲ್ಲ.

ಆದರೆ ಅಂದು ಅವರು ಹೊರಗಿನ ಬೆಂಚಿನ ಕಡೆ ನೋಡಲೇ ಇಲ್ಲ. ತೋರುಬೆರಳನ್ನು ಚಾಚಿ, ತುದಿಯಿಂದ ಮೊದಲನೆಯ ಗೆರೆಯವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿ ತೋರಿಸಿದರು. "ದೊಡ್ಡವರ ಬೆರಳಲ್ಲಿ ಇಷ್ಟು. ಇದು ದೊಡ್ಡವರ ಎರಡು ಅಂಗೈ ಅಗಲದಷ್ಟು ಜಾಗಕ್ಕೆ ಸಾಕು. ಮಗುವಿನ ಕೆಂಪು ಜಾಗ ಎಷ್ಟು ಅಂಗೈ ಅಗಲ ಇದೆ ನೋಡಿ, ಅದಕ್ಕೆ ತಕ್ಕಷ್ಟು ಹಚ್ಚಿ. ಚರ್ಮ ತೆಳುವಾಗೋದು ಜೋರಿನ ಮುಲಾಮನ್ನ ಕೇಳದೆ ತಿಂಗಳುಗಟ್ಟಲೆ ಬಳಿದಾಗ. ಇದು ಮೃದುವಾದದ್ದು, ಹೇಳಿದಷ್ಟು ದಿನ ಹೇಳಿದಷ್ಟೇ ಹಚ್ಚಿದ್ರೆ ಹೆದರೋದೇನಿಲ್ಲ. ಪರಚಿದ ಗೆರೆ ಇದ್ರೂ ಹಚ್ಚಬಹುದು. ಕೀವು ಕಂಡ್ರೆ, ಜ್ವರ ಬಂದ್ರೆ ಮಾತ್ರ ಅವತ್ತೇ ಕರ್ಕೊಂಡು ಬನ್ನಿ. ಮತ್ತೆ ಕೇಳಿ, ಇದು ಹೋಗುತ್ತೆ, ಇನ್ನೊಂದು ಸಲ ಬರುತ್ತೆ, ದೊಡ್ಡವಳಾಗ್ತಾ ಎಷ್ಟೋ ಮಕ್ಕಳಿಗೆ ತಾನೇ ಕಮ್ಮಿ ಆಗುತ್ತೆ. ಯಾರ ಹಾಲಿನ ದೋಷಾನೂ ಅಲ್ಲ." ಕೊನೆಯ ಮಾತನ್ನು ಅವರು ನನಗೆ ಹೇಳಲಿಲ್ಲ, ಅತ್ತೆಯವರ ಕಡೆ ನೋಡಿ ಹೇಳಿದರು. ಅತ್ತೆಯವರು, "ನಾನೆಲ್ಲಿ ಹಾಗಂದೆ? ಬಂದವರು ಅಂದರು, ನಾನು ಕೇಳಿಸ್ಕೊಂಡೆ" ಎಂದು ತೋರುಬೆರಳು ಚಾಚಿ ತಮ್ಮ ಮೊದಲ ಗೆರೆಯನ್ನು ಹುಡುಕತೊಡಗಿದರು. ಹೊಲಿಗೆಯವರಿಗೆ ಅಳತೆ ಸಿಕ್ಕರೆ ಸಾಕು, ಬೇರೆ ವೇದಾಂತ ಬೇಡ.

ಆಮೇಲೆ ಡಾಕ್ಟರಮ್ಮ, "ಎಲ್ಲಿ, ಈಗ ನಿಮ್ಮ ಕೈ ಕೊಡಿ" ಎಂದರು. ನನ್ನ ಬೆರಳಿನಿಂದ ಅಳತೆ ಮಾಡಿಸುತ್ತಾರೆಂದು ನಾನು ಚಾಚಿದೆ. ಅವರು ಅಂಗೈ ತಿರುಗಿಸಿದರು. ಕೆಂಪಗಾಗಿ, ಬಿರಿದು, ಬೆರಳ ಸಂದಿಗಳಲ್ಲಿ ಸಣ್ಣಗೆ ಸೀಳು ಬಿಟ್ಟಿತ್ತು. ದಿನಕ್ಕೆಷ್ಟು ಸಲ ಸೋಪು ಹಾಕಿ ತೊಳೀತೀರಿ ಎಂದು ಕೇಳಿದರು. ನಾನು ಇನ್ನೊಂದು ಕೈಯ ಬೆರಳು ಮಡಚಿ ಲೆಕ್ಕ ಹಾಕಿದೆ, ಬೆರಳು ಸಾಲಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ನಮ್ಮ ಹಿರಿಯರು ಕೇಳಿದ್ದಾರೆ. ಬೇಕಾಗುತ್ತದೆ, ಮಾನ್ಯರೇ. ನಾನು ಒಂದು ಮಗುವಿನ ಮೊಣಕೈಯನ್ನು ಭೂತಗನ್ನಡಿ ಹಾಕಿಕೊಂಡು ಹತ್ತು ದಿನ ನೋಡಿದೆ, ಅದನ್ನು ಹಿಡಿದಿದ್ದ ಕೈಯನ್ನು ನೋಡಲಿಲ್ಲ. ಮನೆಯಲ್ಲಿ ಯಾರೂ ನೋಡಲಿಲ್ಲ. ನಮ್ಮವರು ನನ್ನ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡು, ಗಾಜು ಒಡೆದ ಗಡಿಯಾರವನ್ನು ನೋಡುವ ಹಾಗೆ ನೋಡಿದರು. "ಅಮ್ಮನಿಗೂ ಒಂದು ಬರ್ಕೊಡ್ತೀನಿ" ಎಂದು ಡಾಕ್ಟರಮ್ಮ ಇನ್ನೊಂದು ಚೀಟಿ ಬರೆದರು. ನನಗೆ ಅಳು ಬಂತು. ಹೊರಗಿನ ಬೆಂಚಿನ ಇಪ್ಪತ್ತು ಮಕ್ಕಳು ಅಳುತ್ತಿದ್ದುದರಿಂದ ಯಾರಿಗೂ ತಿಳಿಯಲಿಲ್ಲ.

ಇದಾಗಿ ಇಂದಿಗೆ ಆರು ದಿನ. ಕೋಸಿನ ಮೊಣಕೈ ಮೊದಲಿನ ಮೊಣಕೈ ಆಗುತ್ತಿದೆ. ಮಂಡಿಯ ಹಿಂದಿನ ಶಾಖೆ ಮುಚ್ಚಿದೆ, ಕೆನ್ನೆಯ ಪ್ರಧಾನ ಕಚೇರಿಯಲ್ಲಿ ಸ್ವಲ್ಪ ವ್ಯವಹಾರ ಬಾಕಿ ಇದೆ. ಅತ್ತೆಯವರು ಉಣ್ಣೆ ಬಿಚ್ಚಿಟ್ಟು, ತಮ್ಮ ಹಳೆಯ ಹತ್ತಿ ಸೀರೆಯ ಮೆತ್ತನೆ ತುಂಡಿನಿಂದ ಕೋಸಿಗೆ ಅಂಗಿ ಹೊಲಿದಿದ್ದಾರೆ, ಹೊಲಿಗೆಯ ಅಂಚು ಮೈಗೆ ಉಜ್ಜದಿರಲೆಂದು ಅಂಚುಗಳನ್ನು ಹೊರಗೆ ತಿರುಗಿಸಿದ್ದಾರೆ. ನೋಡಿದವರು ಮಗುವಿಗೆ ಅಂಗಿ ಉಲ್ಟಾ ಹಾಕಿದ್ದೀರಿ ಎಂದರೆ, "ಉಲ್ಟಾ ಆಗಿರೋದು ನಿಮ್ಮ ಕಣ್ಣು" ಎನ್ನುತ್ತಾರೆ. ಪರದೆಗಳ ಒಳಪದರ ಬಿಚ್ಚಿದೆ. ಕೋಣೆಗೆ ಬಿಸಿಲು ಬರುತ್ತದೆ.

ಈಗ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ತಮ್ಮ ಪಟ್ಟಿಯಲ್ಲಿ ಇರುವುದೆಲ್ಲ ಇರಲಿ, ಸತ್ಯವನ್ನು ಮುಚ್ಚಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಹತ್ತು ಸಾವಿರದಲ್ಲಿ ಒಬ್ಬರ ಸುದ್ದಿಯನ್ನು ಇಷ್ಟು ಶ್ರದ್ಧೆಯಿಂದ ಹೇಳುವ ತಾವು, ಉಳಿದವರಿಗೆ ಏನಾಯಿತು, ಅವರು ಹೇಗಿದ್ದಾರೆ, ರಾತ್ರಿ ನಿದ್ದೆ ಮಾಡಿದರೋ ಎಂಬುದನ್ನೂ ಒಂದು ಸಾಲಿನಲ್ಲಿ ತಿಳಿಸಬಾರದೇ? "ತೆಳುವಾಗಿ" ಎಂಬ ಜಾಗದಲ್ಲಿ ಒಂದು ಬೆರಳಿನ ಚಿತ್ರ ಬರೆಸಬಾರದೇ? ಹದಿನಾರು ಮಡಿಕೆಯಲ್ಲಿ ಒಂದನ್ನು ಖಾಲಿ ಬಿಟ್ಟು, ತಾಯಿಯಾದವಳು ಅಲ್ಲಿಗೆ ಬಂದಾಗ ನೀರು ಕ... (ಇಲ್ಲಿ ಕೋಸು ಪೆನ್ನು ಕಿತ್ತುಕೊಂಡಳು, ಕ್ಷಮಿಸಬೇಕು) ನೀರು ಕುಡಿದು ಬರಲಿ ಎಂದು ಬಿಡಬಾರದೇ? ಇನ್ನು ಆ ಇಡತಕ್ಕದ್ದರ ಬಗ್ಗೆ: ಒಂದು "ಟ್ಯೂಬನ್ನು" ಎಂಬ ಪದ ಹಾಕಿದರೆ ತಮ್ಮ ಕಾಗದ ಹರಿದುಹೋಗುವುದಿಲ್ಲ. ಅಗತ್ಯವಿದ್ದರೆ ಕರಡು ತಿದ್ದಿಕೊಡಲು ನಾನು ಸಿದ್ಧ, ಎಂಬತ್ತೊಂದು ಅಂಕಗಳ ಪಟ್ಟಿ ಲಗತ್ತಿಸುತ್ತೇನೆ. ಸಾಧ್ಯವಾದರೆ ಮಧ್ಯದಲ್ಲೆಲ್ಲಾದರೂ, ದೊಡ್ಡ ಅಕ್ಷರದಲ್ಲಿ, "ನಿಮ್ಮ ಕೈಯನ್ನೂ ಒಮ್ಮೆ ನೋಡಿಕೊಳ್ಳಿ" ಎಂದು ಹಾಕಿಸಿ. ಇದಕ್ಕೆ ಭೂತಗನ್ನಡಿ ಬೇಕಾಗಬಾರದು.

ಕೊನೆಯದಾಗಿ ನಿನ್ನೆಯ ಅರಿಕೆ. ತಮ್ಮ ಒಂದನೆಯ ಮಡಿಕೆಯಲ್ಲೇ, ಎಲ್ಲಕ್ಕಿಂತ ದಪ್ಪಕ್ಷರದಲ್ಲಿ, "ಮಕ್ಕಳ ಕೈಗೆ ಎಟುಕದಂತೆ ಇಡತಕ್ಕದ್ದು" ಎಂದಿದೆ. ಅಲ್ಲಿಯೂ ಏನನ್ನು ಎಂಬುದಿಲ್ಲ. ಆದ್ದರಿಂದ ತಮ್ಮ ಮಾತನ್ನು ನಾನು ಮೀರಿದೆನೋ ಇಲ್ಲವೋ ವ್ಯಾಕರಣವೇ ಹೇಳಬೇಕು. ಹತ್ತೂವರೆಗೆ ನಾನು ಕೋಸಿಗೆ ಮುಲಾಮು ಹಚ್ಚುತ್ತಿದ್ದೆ, ಬೆರಳ ತುದಿಯಿಂದ ಗೆರೆಯವರೆಗೆ ಅಳೆದು. ಅವಳು ಒದ್ದಾಡಿ, ಪಕ್ಕದಲ್ಲಿ ಹರಡಿಕೊಂಡಿದ್ದ ತಮ್ಮನ್ನು ಎರಡೂ ಕೈಯಲ್ಲಿ ಹಿಡಿದಳು. ತಾವು ಚರಚರ ಎಂದಿರಿ. ಅವಳು ಬೆರಗಾಗಿ ನೋಡಿದಳು, ಮತ್ತೆ ಹಿಸುಕಿದಳು, ತಾವು ಮತ್ತೆ ಚರಚರ ಎಂದಿರಿ, ಅವಳು ಹೊಟ್ಟೆ ಕುಲುಕುವ ಹಾಗೆ ನಕ್ಕಳು. ನಲವತ್ತು ನಿಮಿಷ, ಮಾನ್ಯರೇ, ನಮ್ಮವರು ಗಡಿಯಾರ ನೋಡಿ ಹೇಳಿದ್ದು, ಪೂರಾ ನಲವತ್ತು ನಿಮಿಷ ಅವಳ ಎರಡೂ ಕೈಗೆ ಬೇರೆ ಕೆಲಸವಿರಲಿಲ್ಲ, ಒಮ್ಮೆಯೂ ಪರಚಿಕೊಳ್ಳಲಿಲ್ಲ. ಅಷ್ಟು ಓದಿಯೂ ನಾನು ಕಾಣದ ತಮ್ಮ ಗುಣವನ್ನು ಓದು ಬಾರದವಳು ಮುಟ್ಟಿದ ಕೂಡಲೇ ಕಂಡುಕೊಂಡಳು. ಆಮೇಲೆ ತಮ್ಮನ್ನು ಹೊದ್ದುಕೊಂಡೇ ನಿದ್ದೆ ಹೋದಳು. ನಾನೂ ಅವಳ ಪಕ್ಕದಲ್ಲಿ ಒರಗಿದವಳು, ಎದ್ದಾಗ ಮಧ್ಯಾಹ್ನ ಎರಡು ಗಂಟೆ. ಅತ್ತೆಯವರು ಬಾಗಿಲು ಮುಂದಕ್ಕೆ ಮಾಡಿ, ಬಂದವರಿಗೆಲ್ಲ ಹೊರಗಿನಿಂದಲೇ "ತಾಯಿ ಮಗು ಇಬ್ಬರೂ ಮಲಗಿದಾರೆ, ನಾಳೆ ಬನ್ನಿ" ಎಂದು ಹೇಳಿ ಕಳಿಸುತ್ತಿದ್ದರು.

ಹದಿನಾರು ಮಡಿಕೆಗಳಲ್ಲಿ ಈಗ ಉಳಿದಿರುವ ಹದಿನೈದಕ್ಕೂ ಸಮನಾಗಿ ವಂದಿಸುವ,

ತಮ್ಮ ವಿಶ್ವಾಸಿ ಹಾಗೂ ಏಕೈಕ ಓದುಗಿತ್ತಿ,
ಕೋಸಿನ ತಾಯಿ

ಮರೆತ ಮಾತು: ಆ ಹದಿನಾರನೆಯ ಮಡಿಕೆಯನ್ನು ನಾನು ಏಳುವ ಹೊತ್ತಿಗೆ ಕೋಸು ಎದ್ದು ಬಾಯಿಗೆ ಹಾಕಿಕೊಂಡಿದ್ದಳು. ಬೆರಳು ಹಾಕಿ ಪೂರ್ತಿ ತೆಗೆದೆ, ಒಂದು ಚೂರೂ ಒಳಗೆ ಹೋಗಿಲ್ಲ. ತೊಳೆದು ಹರಡಿ ನೋಡಿದರೆ "ಹೊರಗಿನ ಬಳಕೆಗೆ ಮಾತ್ರ" ಎಂಬ ಸಾಲು ಅದು. ಮತ್ತೊಂದು. ನನ್ನ ಕೈಗೆಂದು ಬರೆದುಕೊಟ್ಟ ಮುಲಾಮಿನ ಡಬ್ಬಿಯಲ್ಲಿ ತಮ್ಮ ತಮ್ಮನವರು ಬಂದಿದ್ದಾರೆ, ಅಣ್ಣನಿಗಿಂತ ನಾಲ್ಕು ಮಡಿಕೆ ಹೆಚ್ಚೇ ಇರುವಂತೆ ಕಾಣುತ್ತದೆ. ಎಷ್ಟು, ಎಷ್ಟು ದಿನ, ಯಾವಾಗ ಓಡಿಬರಬೇಕು ಎಂಬ ಮೂರನ್ನು ಡಾಕ್ಟರಮ್ಮನ ಬಾಯಿಂದಲೇ ಕೇಳಿ ಬರೆದುಕೊಂಡಿದ್ದೇನೆ, ಆದ್ದರಿಂದ ಅವರನ್ನು ಎಬ್ಬಿಸಿಲ್ಲ. ತಂಪಾದ, ಒಣ ಸ್ಥಳದಲ್ಲಿ, ಬೆಳಕು ತಾಗದಂತೆ, ತಾಯಂದಿರ ಕೈಗೆ ಎಟುಕದಂತೆ ಇಟ್ಟಿದ್ದೇನೆ.